ಕರೆಯದೆ ಎತ್ತಿದ ಕಲ್ಲು

ಅಮೆರಿಕದ ಒಂದು ಸಣ್ಣ ಟೌನ್‌ಶಿಪ್ಪು ನನಗೆ ನಮ್ಮ ಪಾಂಡವಪುರದಷ್ಟೇ ಗೊತ್ತು. ನಾನು ಅದನ್ನು ನೋಡಿದವಳಲ್ಲ. ಇನ್ನು ಯಾರೂ ನೋಡುವ ಹಾಗೂ ಇಲ್ಲ, ಅದು ನೀರಿನ ಕೆಳಗಿದೆ.

ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ಜಿಯಾಗ್ರಫಿ ಕಲಿಸಿದ ಸಿಸ್ಟರ್ ಆ ಊರಿನವರು. ಮಳೆ ಹಿಡಿದು ಆಟಕ್ಕೆ ಬಿಡದ ದಿನ ಬೋರ್ಡಿನ ಮೇಲೆ ತಮ್ಮೂರು ಬರೆಯೋರು. ಎರಡು ಗುಡ್ಡ, ನಡುವೆ ಒಂದು ಹೊಳೆ, ಹೊಳೆಗೆ ಮರದ ಸೇತುವೆ, ಸೇತುವೆಗೆ ಮನೆಯ ಹಾಗೆ ಸೂರು. ಯಾಕೆ ಸಿಸ್ಟರ್ ಸೂರು ಅಂದರೆ, ಹಿಮ ಬಿದ್ದು ಮರ ಕೊಳೆಯಬಾರದಲ್ಲ ಅನ್ನೋರು. ಮೇನ್ ಸ್ಟ್ರೀಟಿನ ಎರಡೂ ಕಡೆ ಎಲ್ಮ್ ಮರಗಳು. ಆಮೇಲೆ ಬಿಳಿ ಚರ್ಚು, ಹಿಟ್ಟಿನ ಮಿಲ್ಲು, ಬೆಳಗಿನ ರೈಲಿಗೆ ಹಾಲಿನ ಕ್ಯಾನು ಏರಿಸುವ ಪುಟ್ಟ ಸ್ಟೇಷನ್ನು.

ಇಂಗ್ಲೆಂಡಿನಿಂದ ಬಂದವರು ಹೊಲದ ಕಲ್ಲು ಆಯ್ದು ಗೋಡೆ ಕಟ್ಟಿ ಊರು ಮಾಡಿದರಂತೆ. ಚರ್ಚಿನ ಬೆಂಚುಗಳ ಮೇಲೆಲ್ಲ ಅವರ ಮನೆತನಗಳದೇ ಹೆಸರು. ಬಹಳ ವರ್ಷ ಕಳೆದು ಮಿಲ್ಲಿನ ಕೆಲಸಕ್ಕೆ ಐರಿಶ್ ಜನ ಬಂದರು. ಸಿಸ್ಟರ್ ಅಪ್ಪ ಅವರಲ್ಲಿ ಒಬ್ಬ. ಸತ್ತ ಮೇಲೂ ಅದೇ ಸೀಟಿಂಗ್ ಅರೇಂಜ್‌ಮೆಂಟು. ಹಳೇ ಮನೆತನದವರು ಸ್ಮಶಾನದ ಮುಂದುಗಡೆ ನೆರಳಿನಲ್ಲಿ, ಐರಿಶ್‌ನವರು ಹೊಳೆಯ ಪಕ್ಕದ ತಗ್ಗಿನಲ್ಲಿ. ಆ ತಗ್ಗಿನಲ್ಲಿ ಸಿಸ್ಟರ್ ತಾಯಿ ಇದ್ದರು.

ಎಲ್ಲೋ ದೂರದ ಸಿಟಿಗೆ ಕುಡಿಯುವ ನೀರು ಬೇಕಾಯಿತು, ಡ್ಯಾಮು ಕಟ್ಟಿದರು. ಅಷ್ಟು ಹೊತ್ತಿಗೆ ಸಿಸ್ಟರ್ ಮೈಸೂರಿಗೆ ಬಂದುಬಿಟ್ಟಿದ್ದರು. ಸಮಾಧಿಗಳನ್ನೆಲ್ಲ ಗುಡ್ಡದ ಮೇಲಕ್ಕೆ ಸಾಗಿಸಿದ್ದಾರೆ ಅಂತ ಸುದ್ದಿ ಬಂತಂತೆ. ನಕ್ಷೆಯ ಕೊನೆಗೆ ಬಲಗಡೆ ಗುಡ್ಡದ ಮೇಲೆ ಸೀಮೆಸುಣ್ಣದಲ್ಲಿ ತಾಯಿಗಾಗಿ ಒಂದು ಪುಟ್ಟ ಶಿಲುಬೆ ಎಳೆದು, "ಮಾಮಾ ಈಸ್ ಆನ್ ದ ಹಿಲ್ ನೌ," ಅನ್ನೋರು. "ಲವ್ಲೀ ವ್ಯೂ." ಆಮೇಲೆ ಡಸ್ಟರ್ ತಗೊಂಡು ಊರನ್ನೆಲ್ಲ ಒರೆಸೋರು.

ಒಂದು ದಿನ ನಾನು ಎದ್ದು ನಿಂತು, ನಮ್ಮಜ್ಜಿಯ ಊರೂ ಕನ್ನಂಬಾಡಿ ಕಟ್ಟೆ ನೀರಿನಲ್ಲಿ ಮುಳುಗಿದೆ ಸಿಸ್ಟರ್ ಅಂದೆ. ನಮ್ಮದು ಒಕ್ಕಲುತನದ ಮನೆ. ಸತ್ತವರನ್ನು ನಮ್ಮ ಹೊಲದಲ್ಲೇ ಮಣ್ಣು ಮಾಡಿ ತಲೆದೆಸೆಗೆ ಒಂದು ಕಲ್ಲು ನೆಡುತ್ತೇವೆ. ಊರು ಬಿಡುವಾಗ ನಮ್ಮಜ್ಜಿ ಮೂಳೆ ಮುಟ್ಟಗೊಡಲಿಲ್ಲ. "ಮೂಳೆ ಕಿತ್ರೆ ಸತ್ತೋರು ಮುನಿಸ್ಕಂಡು ಎದ್ದೋಯ್ತರೆ. ಕಲ್ಲು ತಕ್ಕಂಡು ಎಸರಿಡುದು ಕರುದ್ರೆ ಇಂದೆ ಬತ್ತರೆ," ಅಂದಳಂತೆ. ಕಲ್ಲುಗಳನ್ನು ಗಾಡಿಗೆ ಹೇರಿ ಮುಂದೆ ತಾನು ನಡೆದಳು. ತಿರುವು ಬಂದಲ್ಲೆಲ್ಲ ನಿಂತು ಅತ್ತೆ, ಮಾವ, ತೀರಿಹೋದ ತನ್ನ ಎರಡು ಮಕ್ಕಳು, ಒಬ್ಬೊಬ್ಬರ ಹೆಸರೂ ಹಿಡಿದು, "ಬನ್ನಿ, ಇಂಗೆ ಬನ್ನಿ, ದಾರಿ ಇಂಗೈತೆ," ಅಂತ ಕರೆಯುತ್ತಾ ಹೊಸ ಊರಿಗೆ ಬಂದಳು. ಈಗಲೂ ಪಿತೃಪಕ್ಷದಲ್ಲಿ ಆ ಕಲ್ಲುಗಳ ಮುಂದೆಯೇ ಹೆಸರು ಕರೆದು ಎಡೆ ಇಡುತ್ತೇವೆ. ಕೆಳಗೆ ಯಾರೂ ಇಲ್ಲ.

ಕ್ಲಾಸಿನ ಹುಡುಗಿಯರು ಕಿಸಕ್ಕನೆ ನಕ್ಕರು. ಸಿಸ್ಟರ್ ನಗಲಿಲ್ಲ. "ತಿರುವು ಬಂದಲ್ಲೆಲ್ಲ ಕರೆದರಾ?" ಅಂತ ಇನ್ನೊಂದು ಸಲ ಕೇಳಿದರು.

ಇದೆಲ್ಲ ನೆನಪಾಗುವುದು ತೊಂಬತ್ತರ ದಶಕದ ಆ ಒಂದು ಬೇಸಿಗೆಯಿಂದ. ಅಷ್ಟು ಹೊತ್ತಿಗೆ ಸಿಸ್ಟರ್ ಶ್ರೀರಂಗಪಟ್ಟಣದ ಹೊರಗಿನ ಪುಟ್ಟ ಕಾನ್ವೆಂಟಿನಲ್ಲಿದ್ದರು. ಸ್ಕೂಲು ಬಿಡಿಸಿ ಅವರನ್ನು ಅಲ್ಲಿನ ಡಿಸ್ಪೆನ್ಸರಿಗೆ ಹಾಕಿ ಎಷ್ಟೋ ಕಾಲವಾಗಿತ್ತು. ಬಾಣಂತಿಯರ ಜೊತೆ, ಎತ್ತು ಹಾಯ್ದು ಗಾಯವಾದ ಗಂಡಸರ ಜೊತೆ ಮಾತಾಡಿ ಮಾತಾಡಿ ಅವರ ಕನ್ನಡ ನನ್ನದಕ್ಕಿಂತ ಹೆಚ್ಚು ಮಂಡ್ಯದ್ದಾಗಿತ್ತು. ನಾನು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗುತ್ತಿದ್ದೆ. ನನ್ನ ಹಳೇ ಇಂಗ್ಲಿಷಿಗೆ ಗಾಳಿ ಆಡಲು ಬೇರೆ ಜಾಗ ಇರಲಿಲ್ಲ. ಆದರೆ ಅವರು ಬಿಡಬೇಕಲ್ಲ!

"ಬಂದ್ಯಾ? ಬಾರವ್ವ, ಕುಂತ್ಕೊ. ಫ್ರೆಂಚ್ ರಾಕ್ಸ್ ಬಸ್ಸು ಇವತ್ತೂ ಕೈಕೊಡ್ತಾ?" ಪಾಂಡವಪುರಕ್ಕೆ ಅವರು ಕೊನೆವರೆಗೂ ಆ ಹಳೇ ಹೆಸರನ್ನೇ ಹೇಳಿದರು. ನಾನು ಇಂಗ್ಲಿಷಿನಲ್ಲಿ ಶುರು ಮಾಡಿದರೆ ಅಡುಗೆಯ ಹೆಂಗಸು ಒಳಗಿನಿಂದ, "ಬಿಳೀ ಅವ್ವ ಮುದ್ದೆ ನುಂಗ್ತದೆ, ಗೌಡ್ರ ಮನೆ ಅವ್ವ ಇಂಗ್ಲೀಸ್ ನುಂಗ್ತದೆ ನೋಡು," ಅಂತ ಚುಚ್ಚೋಳು.

ಆ ಬೇಸಿಗೆಯಲ್ಲಿ ಸಿಸ್ಟರ್ ಅಣ್ಣನ ಮಗ ಇಂಡಿಯಾ ನೋಡಲು ಬಂದ. ಸಿಸ್ಟರ್ ಮೊದಲೇ ನನಗೆ ಬರಹೇಳಿದ್ದರು. ಎತ್ತರದ ಮನುಷ್ಯ, ಬಿಸಿಲಿಗೆ ಕೆಂಪೇರಿದ ಮೂಗು, ಒಳ್ಳೆಯವನು. ಅತ್ತೆಗೆ ಅಂತ ಒಂದು ಫೋಟೋ ತಂದಿದ್ದ. ಗುಡ್ಡ, ಕತ್ತರಿಸಿ ಒಪ್ಪ ಮಾಡಿದ ಹುಲ್ಲು, ನಡುವೆ ಅಕ್ಷರ ಸವೆದ ಒಂದು ಬೂದುಗಲ್ಲು. ಸಿಸ್ಟರ್ ಕನ್ನಡಕ ಒರೆಸಿ ಒರೆಸಿ ನೋಡಿದರು.

"ಚೆಂದದ ಜಾಗ ಆಂಟಿ," ಅಂದ ಅವನು ಇಂಗ್ಲಿಷಿನಲ್ಲಿ. "ಆಫ್ ಕೋರ್ಸ್, ಅಲ್ಲಿರೋದು ಕಲ್ಲು ಮಾತ್ರ."

"ಕಲ್ಲು ಮಾತ್ರ ಅಂದರೆ?"

ಅವನು ಚಹಾ ಕುಡಿಯುತ್ತಲೇ ಹೇಳಿದ. ಯಾರ ಕಡೆಯವರು ಬಂದು ನಿಂತು ಕೇಳಿದರೋ ಅವರ ಪೆಟ್ಟಿಗೆ ಅಗೆದು ತೆಗೆದರು. ಐರಿಶ್ ಮೂಲೆಗೆ ಹೆಚ್ಚು ಜನ ಬರಲಿಲ್ಲ. ತಾತ ಆಗಲೇ ಊರು ಬಿಟ್ಟಿದ್ದರು, ಅಪ್ಪ ಹಡಗಿನ ಕೆಲಸದಲ್ಲಿದ್ದರು, ನೀವು ಇಲ್ಲಿ. ಅಂಥವರದು ಕಲ್ಲು ಮಾತ್ರ ಕಿತ್ತು ಮೇಲೆ ನೆಟ್ಟರು. "ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ."

ಸಿಸ್ಟರ್ ಫೋಟೋ ಕೆಳಗಿಟ್ಟರು. ಅವನ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದರು. ಕನ್ನಡದಲ್ಲಿ ಅಂದರು: "ಕಲ್ಲು ಎತ್ತೋವಾಗ ಯಾರಾರ ನಮ್ಮವ್ವನ್ನ ಕರುದ್ರಂತಾ? ಕೇಳವ್ವ ಅವನ್ನ."

ಅವರ ಮನೆಯ ಮಾತನ್ನು ಅವರ ಮನೆಯ ಹುಡುಗನಿಗೆ ನಾನು ಇಂಗ್ಲಿಷ್ ಮಾಡಿ ಹೇಳಬೇಕಾಯಿತು. ಡಿಡ್ ಎನಿಬಡಿ ಕಾಲ್ ಹರ್? ಅವನು ನನ್ನನ್ನೂ ಅತ್ತೆಯನ್ನೂ ನೋಡಿದ. "ಕಾಲ್ ಹೂ? ಕಂಟ್ರಾಕ್ಟರ್ ಆಳುಗಳು ಲಾರಿಗೆ ಹಾಕಿಕೊಂಡು ಹೋಗಿರುತ್ತಾರೆ, ಮ್ಯಾಮ್." ಏನೋ ತಪ್ಪಿ ಆಡಿದೆ ಅಂತ ಅವನಿಗೆ ಹೊಳೆಯಿತು, ಏನು ಅಂತ ತಿಳಿಯಲಿಲ್ಲ. ಪಾಪ, ಮೂರು ಸಲ ಸಾರಿ ಅಂದ. ಸಿಸ್ಟರ್ ಅವನ ತಲೆ ಸವರಿ, "ಬುಡು ಮಗ," ಅಂದರು.

ಅದಾದ ಮೇಲೆ ಆ ಊರಿನ ಮಾತು ನಿಂತುಹೋಯಿತು. ಮುಂದಿನ ಸಲ ಹೋದಾಗ ಅವರನ್ನು ನಗಿಸೋಣ ಅಂತ, "ಸಿಸ್ಟರ್, ಸೇತುವೆಗೆ ಯಾಕೆ ಸೂರು?" ಅಂದೆ. "ಎಲ್ಲಾ ಮುಳುಗೋಯ್ತು, ಕೇಳ್ಬ್ಯಾಡ," ಅಂದರು. ಕನ್ನಂಬಾಡಿ ಹಿನ್ನೀರಿಗೆ ಕರೆದುಕೊಂಡು ಹೋಗುತ್ತೇನೆ, ನೀರಿನ ಹತ್ತಿರ ನಿಂತು ನೀವೇ ಕರೆಯಿರಿ ಅಂದೆ. ತಲೆ ಅಲ್ಲಾಡಿಸಿದರು. "ಆ ನೀರೇ ಬ್ಯಾರೆ ಕಣವ್ವ. ಎಂಗೆ ಕೇಳ್ತದೆ ಅವ್ಳಿಗೆ? ತಗ್ಗಲ್ಲಿ ಒಬ್ಳೇ ಅವ್ಳೆ. ಇಷ್ಟ್ ವರ್ಸ ಗುಡ್ಡದ ಕಡೆ ಮಕ ಮಾಡಿ ಪ್ರೇಯರ್ ಮಾಡ್ದೆನಲ್ಲ ನಾನು." ಜಪಸರ ಮಡಿಲಲ್ಲೇ ಬಿದ್ದಿತ್ತು, ಕೈಗೆ ತಗೊಳ್ಳಲಿಲ್ಲ. ಗುಡ್ಡದ ಮೇಲಿದ್ದಾಳೆ ಅನ್ನುವ ಆ ಒಂದು ಭರವಸೆಯ ಮೇಲೆ ಅವರು ಊರಿಗೆ ಹಿಂತಿರುಗದೆ ಇಲ್ಲೇ ಇದ್ದವರು ಅನ್ನುವುದು ನನಗೆ ಆಗ ಅರ್ಥವಾಯಿತು.

ಮಳೆಗಾಲ ಮುಗಿಯುವ ಮುಂಚೆ ಸಿಸ್ಟರ್ ತೀರಿಕೊಂಡರು. ಮೈಸೂರಿಗೆ ಒಯ್ದು ಉಳಿದ ಸಿಸ್ಟರುಗಳ ಸಾಲಿನಲ್ಲಿ ಮಣ್ಣು ಮಾಡಿದರು.

ಪಿತೃಪಕ್ಷ ಬಂತು. ಮನೆಯವರೆಲ್ಲ ಹೊಲಕ್ಕೆ ಹೋಗಿ ಕಲ್ಲುಗಳಿಗೆ ಅರಿಶಿನ ಕುಂಕುಮ ಹಚ್ಚಿ ಮುದ್ದೆ, ಮಾಂಸದ ಸಾರು, ವಡೆ ಬಡಿಸಿದೆವು. ಅಜ್ಜಿಗೆ ಎಲೆ ಅಡಿಕೆ, ಹೊಗೆಸೊಪ್ಪು. ನಾನು ಕೊನೆಗೆ ಇನ್ನೊಂದು ಎಲೆ ಹಾಕಿ ಬ್ರೆಡ್ಡು ಬೆಣ್ಣೆ ಇಟ್ಟೆ. ನನ್ನ ತಮ್ಮ, "ಇದ್ಯಾರ್ಗಕ್ಕ?" ಅಂದ. ನಮ್ಮ ಟೀಚರ್ ತಾಯಿಗೆ ಅಂದೆ. "ಸರಿ, ಎಸರಿಡುದು ಕರಿಯಕ್ಕ ಮತ್ತೆ, ಬಿಸ್ಲಾಯ್ತದೆ."

ಕರೆಯಲು ಬಾಯಿ ತೆರೆದೆ. ಮಿಲ್ಲು ಎಲ್ಲಿತ್ತು, ಸ್ಟೇಷನ್ನು ಎಲ್ಲಿತ್ತು, ಹೊಳೆ ಯಾವ ಕಡೆಯಿಂದ ಬಂದು ಯಾವ ಕಡೆ ಹೋಗುತ್ತಿತ್ತು, ಎಲ್ಲಾ ಗೊತ್ತಿತ್ತು ನನಗೆ. ಆ ಹೆಂಗಸಿನ ಹೆಸರು ಗೊತ್ತಿರಲಿಲ್ಲ. ಸಿಸ್ಟರ್ ಯಾವತ್ತೂ ಮಾಮಾ ಅಂದಿದ್ದರೇ ಹೊರತು ಹೆಸರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಆಮೇಲೆ ಕಾನ್ವೆಂಟಿನಲ್ಲಿ ವಿಚಾರಿಸಿದೆ, ಈಗಿರುವ ಹೊಸಬರಿಗೆ ತಿಳಿಯದು.

ಎಲ್ಲರೂ ಕಾಯುತ್ತಿದ್ದರು. ಕೊನೆಗೆ ತಮ್ಮನೇ ಅಜ್ಜಿಯ ಹೆಸರು ಕರೆದು ಪೂಜೆ ಮುಗಿಸಿದ. ಕಾಗೆಗಳು ಬಂದು ಉಳಿದ ಎಲೆಗಳಿಗೆ ಬಾಯಿ ಹಾಕಿದವು. ಬ್ರೆಡ್ಡು ಬಿಸಿಲಿಗೆ ಒಣಗಿ ಸೆಟೆದುಕೊಂಡಿತು, ಬೆಣ್ಣೆ ಕರಗಿ ಎಲೆಯಿಂದ ಮಣ್ಣಿಗಿಳಿಯಿತು.