ಟೆರೇಸಿನ ಎರಡನೆಯ ಗಾಜು

ಮನೆ ಬದಲಿಸುವ ಗಡಿಬಿಡಿಯಲ್ಲಿ ಕಪಾಟಿನ ಮೇಲಿನ ಅರೆಯನ್ನು ಖಾಲಿ ಮಾಡುತ್ತಿದ್ದೆ. ನೀಲಿ ಪಟ್ಟಿಯ ಹಳೆಯ ಚಾದರವೊಂದು ಕೈಗೆ ಬಂತು. ಕೊಡವಿದೆ. ನುಸಿಗುಳಿಗೆಯ ಘಾಟು, ಅದರಡಿಯಲ್ಲಿ ಒಣ ಧೂಳಿನ ವಾಸನೆ... ಒಗೆದರೂ ಹೋಗದ ದೋಹಾದ ಧೂಳು. ಮೇಲಿನ ಮನೆ ಅಂಕಲ್ ನೆನಪಾದರು.

ಆಗ ನಾವು ದೋಹಾದ ಮದೀನತ್ ಖಲೀಫಾ ಬಡಾವಣೆಯಲ್ಲಿದ್ದೆವು. ಒಂದೇ ವಿಲ್ಲಾಕ್ಕೆ ನಡುನಡುವೆ ಗೋಡೆ ಎಬ್ಬಿಸಿ ಹಲವು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿದ್ದರು. ಕೆಳಗೆ ಉಮ್ಮ, ಉಪ್ಪ, ನಾನು. ಮೇಲೆ ಅವರೊಬ್ಬರೇ. ಸಂಸಾರ ಮೈಸೂರಿನಲ್ಲಿ. ಮೆಸಯೀದಿನ ಕಾರ್ಖಾನೆಯೊಂದರಲ್ಲಿ ಒತ್ತಡ, ಉಷ್ಣತೆ ತೋರಿಸುವ ಮೀಟರುಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಸಂಜೆ ಕಂಪನಿ ಬಸ್ಸಿನಿಂದ ಇಳಿದು ಬರುವಾಗ ನಾನು ಎದುರಾದರೆ ಒಂದೇ ಪ್ರಶ್ನೆ. "ಡಿಗ್ರಿ ಆದ್ಮೇಲೆ ಏನಮ್ಮಾ ಪ್ಲಾನು?"

ಉಮ್ಮನಿಗೆ ಆ ಪ್ರಶ್ನೆಯೇ ಹಿಡಿಸುತ್ತಿರಲಿಲ್ಲ. "ನಮ್ಮ ಮಗಳ ಪ್ಲಾನು ಅವರಿಗೆ ಎಂತಕ್ಕೆ? ಏನೋ ಉಂಟು ಅದರಲ್ಲಿ," ಎನ್ನುತ್ತಿದ್ದಳು. ಅನುಮಾನದ ವಿಷಯದಲ್ಲಿ ನಾನು ಅಪ್ಪಟ ಉಮ್ಮನ ಮಗಳು. ಯಾರಾದರೂ ಸುಮ್ಮನೆ ನಕ್ಕರೂ ಏಕೆ ನಕ್ಕರು ಎಂದು ಮನೆಗೆ ಬಂದು ಯೋಚಿಸುವವಳು.

ಅದು ನನ್ನ ಪದವಿಯ ಕೊನೆಯ ವರ್ಷ. ಸೋಲಾರ್ ಫಲಕಗಳ ಮೇಲೆ ಎಷ್ಟು ಧೂಳು ಕೂರುತ್ತದೆಂದು ಅಳೆಯುವ ಸಂಶೋಧನೆ ನನ್ನ ಪಾಲಿಗೆ ಬಂದಿತ್ತು. ನಮ್ಮ ವಿಲ್ಲಾದ ಟೆರೇಸಿನಲ್ಲಿ ಗಾಜಿನ ಹಲಗೆಯೊಂದನ್ನು ಇಟ್ಟು, ವಾರಕ್ಕೊಮ್ಮೆ ಕಾಲೇಜಿಗೆ ಒಯ್ದು ಧೂಳು ತೂಗಬೇಕು. ಕೆಲಸ ಸರಿಯಾಗಿ ಮುಗಿದರೆ ಪ್ರೊಫೆಸರು ಶಿಫಾರಸು ಪತ್ರ ಕೊಡುವವರಿದ್ದರು, ಅದಿದ್ದರೆ ಜರ್ಮನಿಯಲ್ಲಿ ಮಾಸ್ಟರ್ಸ್. ಇಲ್ಲವಾದರೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಉಪ್ಪನ ಗೆಳೆಯರ ಸ್ಪೇರ್ ಪಾರ್ಟ್ಸ್ ಗೋದಾಮಿನ ಆಫೀಸು. ಅಲ್ಲಿ ನನಗೆಂದು ಕುರ್ಚಿ ಆಗಲೇ ಕಾದಿತ್ತು. ಆ ಕುರ್ಚಿ ನನಗೆ ಬೇಕಿರಲಿಲ್ಲ.

ಸಂಶೋಧನೆಯ ವಿಷಯ ಯಾರಿಗೂ ಬಾಯಿ ಬಿಡಬೇಡ, ಕದಿಯುತ್ತಾರೆ ಎಂದು ಸೀನಿಯರ್‌ಗಳು ಹೇಳಿದ್ದರು. ದೃಷ್ಟಿಯಾಗುತ್ತದೆ ಎಂದು ಉಮ್ಮ. ಹಾಗಾಗಿ ಟೆರೇಸಿನಲ್ಲಿ ಅದೇನೆಂದು ಅಂಕಲ್ ಕೇಳಿದಾಗ "ಕಾಲೇಜಿನ ಗಾಜು" ಎಂದಷ್ಟೇ ಹೇಳಿ ಜಾರಿಕೊಂಡಿದ್ದೆ.

ಲೆಕ್ಕ ಮಾತ್ರ ತಲೆಕೆಳಗಾಗಿ ಬರತೊಡಗಿತು. ಗಾಳಿ ಜೋರಾಗಿದ್ದ ವಾರವೇ ಧೂಳು ಕಡಿಮೆ! ಪ್ರೊಫೆಸರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. ಯಾರೋ ಗಾಜು ಒರೆಸುತ್ತಿದ್ದಾರೆ ಎನ್ನುವುದು ಖಾತ್ರಿಯಾಯಿತು. ಬಟ್ಟೆ ಒಣಗಿಸಲು ಟೆರೇಸಿಗೆ ದಿನವೂ ಹೋಗುವವರು ಅಂಕಲ್ ಒಬ್ಬರೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಾರೆಂದು, ಮೆಟ್ಟಿಲಲ್ಲಿ ಅವರಿಗೆ ಕೇಳುವಂತೆ ಗಾಜಿನ ಮಾತು ತೆಗೆದೆ. ಅಂಕಲ್ ಹೆಗಲು ಮುಟ್ಟಿಕೊಳ್ಳಲಿಲ್ಲ, "ಗಾಜು ಜೋಪಾನವಾಗಿದೆ ಕಣಮ್ಮಾ," ಎಂದರು. ನನಗೆ ಅನುಮಾನ ಇನ್ನೂ ಹೆಚ್ಚಾಯಿತು.

ಒಂದು ಶುಕ್ರವಾರ ಮಧ್ಯಾಹ್ನ ಆಕಾಶ ಕಂದು ಬಣ್ಣಕ್ಕೆ ತಿರುಗಿ ಗಾಳಿ ಎದ್ದಿತು. ಸದ್ದಾಗದಂತೆ ಮೆಟ್ಟಿಲು ಹತ್ತಿದೆ. ಅಂಕಲ್ ನನ್ನ ಗಾಜಿನ ಮೇಲೆ ನೀಲಿ ಪಟ್ಟಿಯ ಚಾದರ ಹೊದಿಸಿ ಮೂಲೆಗಳಿಗೆ ಇಟ್ಟಿಗೆ ಇಡುತ್ತಿದ್ದರು!

"ಬಾಮ್ಮಾ, ಆ ಕಡೆ ಹಿಡ್ಕೋ. ಧೂಳು ಕೂತ್ರೆ ರೀಡಿಂಗ್ ಕೆಟ್ಟುಹೋಗುತ್ತೆ."

"ಅಂಕಲ್, ಅದು ಧೂಳು ಹಿಡೀಲಿಕ್ಕೇ ಇಟ್ಟದ್ದು!"

ಅವರ ಕೈಯಿಂದ ಚಾದರ ಜಾರಿತು. ಗಾಳಿ ಎದ್ದ ಕೂಡಲೇ ಮೀಟರಿನ ಗಾಜು ಮುಚ್ಚುವುದು ಅವರ ಕಾರ್ಖಾನೆಯ ಪದ್ಧತಿ. ಅಷ್ಟು ವರ್ಷ ಮಾಡಿದ್ದನ್ನೇ ಇಲ್ಲೂ ಮಾಡಿದ್ದರು. "ಅಯ್ಯೋ... ಒಂದು ಮಾತು ಹೇಳಬಾರದಿತ್ತಾ?" ಎಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನನಗೆ ಅಳುವೂ ಬಂತು, ನಗುವೂ ಬಂತು.

ಪ್ರೊಫೆಸರು ಹಳೆಯ ಲೆಕ್ಕವನ್ನೆಲ್ಲ ತಳ್ಳಿಹಾಕಿ ಕೊನೆಯ ಅವಕಾಶ ಕೊಟ್ಟರು. ಇನ್ನೊಮ್ಮೆ ಕೆಟ್ಟರೆ ಪತ್ರ ಖಲಾಸ್. ಅಂಕಲ್ ಅಂದಿನಿಂದ ಗಾಜಿನ ಹತ್ತಿರ ಸುಳಿಯಲಿಲ್ಲ, ಬಟ್ಟೆ ಒಣಗಿಸುವ ಹಗ್ಗವನ್ನೂ ಬಿಚ್ಚಿ ತಮ್ಮ ಕೋಣೆಯೊಳಗೆ ಕಟ್ಟಿಕೊಂಡರು. ನನಗಾದರೋ ನಂಬಿಕೆ ಎಲ್ಲಿಂದ ಬರಬೇಕು? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವರು ಡ್ಯೂಟಿಗೆ ಹೋದಾಗ ನೀರಿನ ಟ್ಯಾಂಕಿನ ಮೇಲೆ, ಯಾರಿಗೂ ಕಾಣದಂತೆ ಎರಡನೆಯ ಗಾಜೊಂದನ್ನು ಇಟ್ಟೆ. ಕೆಳಗಿನದನ್ನು ಮುಟ್ಟಿದರೆ ಮೇಲಿನದು ಹೇಳುತ್ತದೆ.

ವಾರ ವಾರವೂ ಎರಡರ ತೂಕ ಹೆಚ್ಚುಕಡಿಮೆ ಒಂದೇ ಬಂತು. ಎರಡನೆಯದು ಏಕೆ ಎಂದು ಪ್ರೊಫೆಸರು ಕೇಳಿದರು. "ಅನುಮಾನ ಬಂತು ಸರ್," ಎಂದೆ. ಅದನ್ನೇ ಅವರು ಮೆಚ್ಚಿ ಪತ್ರದಲ್ಲಿ ಬರೆದರು. ಸೀಟು ಸಿಕ್ಕಿತು.

ಅಷ್ಟರಲ್ಲಿ ಅಂಕಲ್ ಕೆಲಸವೂ ಮುಗಿದಿತ್ತು. ಊರಿಗೆ ಹೊರಡುವ ಮುಂಚೆ ಆ ಚಾದರವನ್ನು ನನ್ನ ಕೈಗಿಟ್ಟರು. "ಮೈಸೂರಲ್ಲಿ ಇಷ್ಟು ಧೂಳಿಲ್ಲ ಕಣಮ್ಮಾ." ಉಮ್ಮ ಅದನ್ನೂ ಅನುಮಾನದಿಂದಲೇ ನೋಡಿ, ಒಗೆದು, ನುಸಿಗುಳಿಗೆ ಹಾಕಿ ಇಟ್ಟಳು. ಆಮೇಲೆ ಜರ್ಮನಿ, ಮತ್ತೆ ಇಲ್ಲಿ ದೋಹಾದಲ್ಲಿಯೇ ಕೆಲಸ... ಅವರಿಗೊಂದು ಫೋನು ಮಾಡಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ.

ಇಂದು ಚಾದರ ಮಡಿಲಲ್ಲಿಟ್ಟುಕೊಂಡು ಅವರ ಹಳೆಯ ನಂಬರಿಗೆ ಕರೆ ಮಾಡಿದೆ. ಎತ್ತಿದ್ದು ಅವರ ಮಗಳು. ಅಪ್ಪ ಹೋದ ವರ್ಷವೇ ತೀರಿಕೊಂಡರು ಎಂದರು. ದೋಹಾದಲ್ಲಿ ಕೆಳಗಿನ ಮನೆಯಲ್ಲಿದ್ದವಳು ಎಂದು ತಡವರಿಸಿ ಹೇಳಿದೆ.

"ಓ, ಧೂಳಿನ ಹುಡುಗಿನಾ? ಟ್ಯಾಂಕ್ ಮೇಲೆ ಗುಟ್ಟಾಗಿ ಇನ್ನೊಂದು ಗಾಜು ಇಟ್ಟಿದ್ರಂತಲ್ಲ! ಅಪ್ಪ ಎಲ್ಲರ ಹತ್ರಾನೂ ಹೇಳೋರು. 'ಒಂದೇ ಮೀಟರನ್ನ ನಂಬೋಳಲ್ಲ ಆ ಹುಡುಗಿ, ಎಲ್ಲಿ ಹೋದ್ರೂ ಬದುಕ್ತಾಳೆ' ಅಂತ."

ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಸಂಜೆ ಬಸ್ಸಿಳಿದು ಬಂದು ಅದೇ ಪ್ರಶ್ನೆ ಕೇಳುತ್ತಿದ್ದರು. ಆ ಪ್ರಶ್ನೆಗೆ ನಾನು ಒಂದು ದಿನವೂ ನೆಟ್ಟಗೆ ಉತ್ತರ ಕೊಟ್ಟಿರಲಿಲ್ಲ...

ಹೊರಗೆ ಗಾಳಿ ಎದ್ದಿದೆ, ಕಿಟಕಿಯ ಗಾಜಿಗೆ ಧೂಳು ಬಡಿಯುತ್ತಿದೆ. ಚಾದರವನ್ನು ಮಡಚಿ ಹೊಸ ಮನೆಗೆ ಹೋಗುವ ಪೆಟ್ಟಿಗೆಯಲ್ಲಿಟ್ಟೆ. ಈ ಸಲ ಒಗೆಯಲಿಲ್ಲ.