ನಕ್ಷೆಯಿಂದ ಅಳಿಸಿದ ಚುಕ್ಕೆಗಳು

ವರ್ಷಗಟ್ಟಲೆ ದುಡಿದು ಕಂಡದ್ದನ್ನು ಒಬ್ಬರು ನಗುನಗುತ್ತಾ ಹೇಗೆ ಅಳಿಸಿಹಾಕುತ್ತಾರೆ? ನನ್ನ ದೊಡ್ಡಮ್ಮನನ್ನು ನೆನೆದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ.

ಇಲಿಯ ಬೆನ್ನುಹುರಿಯಲ್ಲಿ ಡೋಪಮೈನ್ ಎಂಬ, ನರಗಳ ನಡುವೆ ಸಂದೇಶ ಸಾಗಿಸುವ ರಾಸಾಯನಿಕವನ್ನು ತಯಾರಿಸುವ ನರಕೋಶಗಳಿಗೆ ಬಣ್ಣ ಹಿಡಿಸಿ, ಒಂದೊಂದನ್ನೂ ಚುಕ್ಕೆಯಾಗಿ ಗುರುತಿಸಿ ನಕ್ಷೆ ಬರೆಯುವುದು ಪ್ರಯೋಗಾಲಯದಲ್ಲಿ ದೊಡ್ಡಮ್ಮನ ಕೆಲಸ. ನಕ್ಷೆ ಮುದ್ರಣಕ್ಕೆ ಹೋಗುವ ಮುನ್ನ ಇನ್ನೊಮ್ಮೆ ಪರೀಕ್ಷಿಸಿದಾಗ, ಬಣ್ಣ ಹಿಡಿದಿದ್ದ ಅನೇಕ ಕೋಶಗಳಲ್ಲಿ ಡೋಪಮೈನ್ ತಯಾರಿಗೆ ಬೇಕಾದ ಎರಡು ಕಿಣ್ವಗಳಲ್ಲಿ ಮೊದಲನೆಯದಿತ್ತು, ಎರಡನೆಯದು ಇರಲಿಲ್ಲ; ಅಂದರೆ ಅವು ಡೋಪಮೈನ್ ತಯಾರಿಸುತ್ತವೆ ಎನ್ನುವಂತಿರಲಿಲ್ಲ. ಅವರು ಆ ಚುಕ್ಕೆಗಳನ್ನು ಅಳಿಸತೊಡಗಿದರು.

“ಇರಲಿ ಬಿಡಿ ಮೇಡಂ, ಯಾವ ಇಲಿನೂ ಬಂದು ಜಗಳ ಆಡಲ್ಲ,” ಎಂದ ಸಹೋದ್ಯೋಗಿ.

“ಒಲೆ ಹಚ್ಚಿದ ಮಾತ್ರಕ್ಕೆ ಊಟಕ್ಕೆ ಕೂತುಬಿಡ್ತೀಯೇನಪ್ಪ?” ಎಂದು ನಕ್ಕ ದೊಡ್ಡಮ್ಮ ಅನುಮಾನದ ಒಂದು ಚುಕ್ಕೆಯನ್ನೂ ಉಳಿಸಲಿಲ್ಲ.

ಅವರು ತೀರಿಕೊಂಡ ಮೇಲೆ ದೊಡ್ಡಪ್ಪ ಹೇಳಿದರು: ಮಲಗಿದರೆ ಸಾಕು, ದೊಡ್ಡಮ್ಮನ ಕಾಲುಗಳು ತುಡಿದು ನಿದ್ದೆಗೆಡಿಸುತ್ತಿದ್ದವಂತೆ, ಆ ಕಾಯಿಲೆಯ ಮೂಲ ಬೆನ್ನುಹುರಿಯ ಆ ಡೋಪಮೈನ್ ಕೋಶಗಳಲ್ಲೇ ಇದೆ ಎಂದು ನಂಬಿಯೇ ಅವರು ಈ ಕೆಲಸ ಹಿಡಿದಿದ್ದರಂತೆ.