ಮೊದಲ ಬೊಗಸೆ

ನಿಜಾಮನ ರಾಜ್ಯದ ಮೇಲೆ ಪೊಲೀಸ್ ಆ್ಯಕ್ಷನ್ ಆದ ಮರುವರ್ಷ, ನಿಂತುಹೋಗಿದ್ದ ನಿಲಂಗಾದ ನಮ್ಮ ಮಹಿಳಾ ಮಂಡಳಿಯನ್ನು ಮತ್ತೆ ಎಬ್ಬಿಸಿದವರು ಮಾಸ್ತರರ ಮನೆಯ ಅಕ್ಕ. ಬೇಸಿಗೆಯ ಅರವಟ್ಟಿಗೆಗೆ ಹೆಂಗಸರನ್ನು ಕರೆಯಲು ಮನೆ ಮನೆಗೆ ಹೋಗುತ್ತಿದ್ದರು. ಬಾಗಿಲಲ್ಲಿ ನಿಂತು ಸೆರಗು ಹೊದ್ದು ಹೇಳುತ್ತಿದ್ದುದು ಒಂದೇ ಮಾತು: "ಬಾಯಾರ್ಯಾದ, ನೀರ ಕೊಡವ್ವಾ."

ಒಂದು ಮಧ್ಯಾಹ್ನ ಅವರು ಮುಸಲ್ಮಾನರ ಓಣಿಗೆ ತಿರುಗಿದಾಗ ಜೊತೆಗಿದ್ದ ನಾನು ಅವರ ಸೆರಗು ಹಿಡಿದು ಜಗ್ಗಿದೆ. ಹಿಂದಿನ ವರ್ಷದ ಗಲಾಟೆಯಲ್ಲಿ ಗಂಡಸರನ್ನು ಕಳೆದುಕೊಂಡ ಮನೆಗಳು ಅಲ್ಲಿದ್ದವು.

"ಇಲ್ಲಿ ಬ್ಯಾಡ್ರಿ ಅಕ್ಕಾ. ನಮ್ಮತ್ತಿಗಿ ಗೊತ್ತಾದ್ರ ಮನ್ಯಾಗ ಸೇರಸಂಗಿಲ್ಲ."

"ಈ ಮನ್ಯಾಕಿನೂ ನಮ್ಮ ಮಂಡಳಿಯಾಕಿನ ಅಲ್ಲೇನ? ನಿಮ್ಮತ್ತಿಗಿ ನಾ ಹೇಳ್ತೀನಿ, ನಡಿ."

ಕದ ತಟ್ಟಿ ನೀರು ಕೇಳಿದರು. ಒಳಗಿನ ಪಿಸುಮಾತು ಥಟ್ಟನೆ ನಿಂತಿತು. ಬಹಳ ಹೊತ್ತಿಗೆ ಕದ ಗೇಣಷ್ಟು ತೆರೆಯಿತು. ನಮ್ಮ ಹಳೆಯ ಗೆಳತಿ ನೀರು ತುಂಬಿದ ಕಟೋರಾ ಹಿಡಿದು ನಿಂತಿದ್ದಳು. ಕೊಡುವ ಮೊದಲು, ನಾವು ವಿಷಕ್ಕೆ ಹೆದರಬಾರದೆಂದು, ಅಂಗೈಗೆ ಬಗ್ಗಿಸಿ ತಾನೇ ಕುಡಿದು ತೋರಿಸಿದಳು.

"ಹುಚ್ಚಿ! ನಿನ್ನ ಕೈನೀರ ನನಗ ಹೊಸಾದೇನ?" ಅಕ್ಕ ಗಟಗಟ ಕುಡಿದು ಕಟೋರಾ ನನಗೆ ಚಾಚಿದರು. ಶಿವಶಿವಾ ಎಂದುಕೊಂಡು ಅರ್ಧ ಚೆಲ್ಲಿ ಅರ್ಧ ಕುಡಿದೆ.

ದೇವರ ದಯೆ, ಆಕೆ ಅರವಟ್ಟಿಗೆಗೆ ಬಂದಳು. ಆ ಬೇಸಿಗೆಯಿಡೀ, ದಾರಿಹೋಕರು ನೋಡಲೆಂದು, ದಿನದ ಮೊದಲ ಬೊಗಸೆಯನ್ನು ಆಕೆ ತಾನೇ ಕುಡಿಯುತ್ತಿದ್ದಳು. ಎರಡನೆಯದನ್ನು ಅಕ್ಕ ಕುಡಿಯುತ್ತಿದ್ದರು.